ನೀಲಿ ದೋಣಿಯ ಮಳೆಗಾಲ

ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯ ವಾಸನೆ ಗೊತ್ತಿದ್ದವರಿಗೆ ಗೊತ್ತು. ಘಾಟು, ಕಹಿ, ಗಂಟಲಿಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಕಳೆದ ತಿಂಗಳು ಅಂಕೋಲೆಯ ದಾರಿಯಲ್ಲಿ ಬಸ್ಸಿಳಿದು ಕಡಲ ಕಡೆಗೆ ನಡೆಯುತ್ತಿದ್ದೆ. ಯಾರೋ ಮರದ ದೋಣಿಯೊಂದರ ಒಳಮೈಗೆ ಆ ಎಣ್ಣೆ ಬಳಿಯುತ್ತಿದ್ದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೆಜ್ಜೆ ತಾನಾಗಿ ಜೋರಾಯಿತು. ತಡವಾಗಿದೆ, ಇನ್ನೇನು ಜೀಪು ಬರುತ್ತದೆ, ಅಷ್ಟರೊಳಗೆ ಏನಾದರೂ ಮಾಡಬೇಕು ಎಂಬ ಹಳೆಯ ತಳಮಳ. ಬರುವ ಜೀಪು ಯಾವುದೂ ಇರಲಿಲ್ಲ. ನಾನು ಹೋದದ್ದು ಒಬ್ಬಳ ಹತ್ತಿರ ಒಂದು ಮಾತು ಕೇಳಲಿಕ್ಕೆ. ಅದೇನೆಂದು ಕೊನೆಗೆ ಹೇಳುತ್ತೇನೆ. ಮೊದಲು ಆ ಮಳೆಗಾಲದ ಕಥೆ.

ಆಗ ನಾನು ಸಮಾಜಕಾರ್ಯದ ಓದು ಮುಗಿಸಿ ಕಾರವಾರದ ಹಬ್ಬುವಾಡದಲ್ಲಿ, ಅಮ್ಮನ ಮನೆಯಲ್ಲಿ, ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಮೂರು ಸಲ ಪೇಟೆಗೆ ಹೋಗಿ ಬಂದು, ನಾಲ್ಕನೆಯ ಸಲ ಚಪ್ಪಲಿ ಹುಡುಕುವವಳು ನಾನು. ಧಾರವಾಡದ ಕಡೆಯ ಸಂಶೋಧಕಿಯೊಬ್ಬರು ಮೀನುಗಾರರ ಮಕ್ಕಳ ಬಗ್ಗೆ ಅಧ್ಯಯನ ಮಾಡುತ್ತಿದ್ದಾರೆ, ಊರಿನ ಭಾಷೆ ಬಲ್ಲ ಸಹಾಯಕಿ ಬೇಕಂತೆ ಎಂದು ಗೊತ್ತಾದಾಗ ಮರುದಿನವೇ ಒಪ್ಪಿಕೊಂಡೆ. ಸುಮತಿ ಮೇಡಂ ಎಂದು ಅವರನ್ನು ಕರೆಯುತ್ತೇನೆ. ಮಳೆಗಾಲದಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಗೋವೆ, ಮಲ್ಪೆ ಎಂದು ಹೊರಗೆ ದುಡಿಯುವ ಗಂಡಸರೆಲ್ಲ ಊರಿಗೆ ಬಂದು ಕೂತಿರುತ್ತಾರೆ. ಮನೆಯಲ್ಲಿ ಜನ ಹೆಚ್ಚು, ಗಳಿಕೆ ಕಡಿಮೆ. ಆ ತಿಂಗಳುಗಳಲ್ಲಿ ಮಕ್ಕಳ ದಿನ ಹೇಗಿರುತ್ತದೆ ಎಂಬುದನ್ನು ಮಕ್ಕಳ ಬಾಯಿಂದಲೇ ಕೇಳಬೇಕು ಎನ್ನುವುದು ಮೇಡಂ ಅವರ ಆಸೆ. ಆಸೆ ಒಳ್ಳೆಯದೇ ಇತ್ತು, ಈಗಲೂ ಹಾಗೇ ಹೇಳುತ್ತೇನೆ.

ದಿನವೂ ಕಾರವಾರದಿಂದ ಅಂಕೋಲೆಯ ಬಸ್ಸು. ಹೆದ್ದಾರಿಯ ಕೆಲಸ ನಡೆದು ಗುಡ್ಡದ ಕೆಂಪು ಮಣ್ಣೆಲ್ಲ ರಸ್ತೆಗೆ ಇಳಿದಿತ್ತು. ಬಸ್ಸು ನಿಂತರೆ ನನ್ನ ಜೀವ ನಿಲ್ಲುತ್ತಿರಲಿಲ್ಲ. ಇಳಿದು ಮಳೆಯಲ್ಲೇ ನಡೆದುಬಿಡಲೇ ಅನ್ನಿಸುತ್ತಿತ್ತು. ಸಂಜೆ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ "ಕಿತೆಂ ಜಾಲೆಂ ಗೋ?" ಎಂದು ಕೊಂಕಣಿಯಲ್ಲಿ ಕೇಳುತ್ತಿದ್ದಳು. ಏನಾಯಿತೆಂದು ನನಗೇ ಗೊತ್ತಿರುತ್ತಿರಲಿಲ್ಲ. ಒದ್ದೆ ಛತ್ರಿ ಮೂಲೆಗೆ ಎಸೆದು ಊಟಕ್ಕೆ ಕೂರುತ್ತಿದ್ದೆ.

ಆ ಊರಿನ ಹೆಸರು ಇಲ್ಲಿ ಬೇಡ. ಕಡಲ ದಂಡೆ, ತೆಂಗು, ಒಂದು ಶಾಲೆ, ಶಾಲೆಯ ಹಿಂದೆ ದಡಕ್ಕೆ ಎಳೆದಿಟ್ಟ ದೋಣಿಗಳ ಸಾಲು. ಮೊದಲ ದಿನ ಐದು, ಆರು, ಏಳನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಮೇಡಂ ಬರೆದುಕೊಟ್ಟದ್ದನ್ನು ನಾನು ಊರ ಮಾತಿಗೆ ತಿರುಗಿಸಿ ಹೇಳಿದೆ. ಇದು ಪರೀಕ್ಷೆ ಅಲ್ಲ, ತಪ್ಪು ಸರಿ ಇಲ್ಲ, ಇಷ್ಟ ಇಲ್ಲದಿದ್ದರೆ ಯಾವಾಗ ಬೇಕಾದರೂ ಬೇಡ ಅನ್ನಬಹುದು.

ಹಿಂದಿನ ಸಾಲಿನಿಂದ ಗಣಪತಿ ಎಂಬ ಹುಡುಗ ಕೈ ಎತ್ತಿದ. "ಅಕ್ಕೋರೆ, ಈಗೇ ಬ್ಯಾಡ ಅಂದ್ರೆ?"

"ಈಗ್ಲೂ ಅನ್ನೂಕ್ ಅಡ್ಡಿಲ್ಲ."

"ಹಂಗಾರೆ ಬ್ಯಾಡ," ಎಂದವನೇ ಎದ್ದು ಹೊರಗೆ ಹೋದ. ಮಕ್ಕಳೆಲ್ಲ ಹೋ ಎಂದು ನಕ್ಕರು. ನಾನೂ ನಕ್ಕೆ. ಎರಡು ನಿಮಿಷದಲ್ಲಿ ಹೆಡ್ ಮಾಸ್ತರು ಅವನ ಕಿವಿ ಹಿಡಿದು ಒಳಗೆ ತಂದು ಕೂರಿಸಿ, "ದೂರದಿಂದ ಬಂದವ್ರು, ಮರ್ಯಾದೆ ಕೊಡೂದ್ ಕಲಿ," ಎಂದು ಹೋದರು. ಮೇಡಂ ಮುಜುಗರದಿಂದ ನಗುತ್ತ ಮುಂದುವರಿಯೋಣ ಎಂದು ಸನ್ನೆ ಮಾಡಿದರು. ಗಣಪತಿ ಕಿವಿ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ. ಆ ನೋಟ ಬಸ್ಸಿನಲ್ಲೂ ನನ್ನ ಜೊತೆ ಬಂತು.

ಅದರಾಚೆಗೆ ಕೆಲಸ ಚೆನ್ನಾಗಿಯೇ ಸಾಗಿತು. ಮಕ್ಕಳಿಗೆ ಮಾತು ಸಾಲದು ಎನ್ನುವ ಕಷ್ಟವೇ ಇರಲಿಲ್ಲ. ಮಳೆ ಬಿಟ್ಟು ಹೊಳವಾದ ಒಂದು ದಿನ ದಡದಿಂದಲೇ ಎಳೆಯುವ ಏಂಡಿ ಬಲೆ ಬಿಟ್ಟಿದ್ದರು. ಶಾಲೆ ಬಿಟ್ಟ ಮಕ್ಕಳು ಚೀಲ ಎಸೆದು ಓಡಿ ಹಗ್ಗಕ್ಕೆ ಕೈ ಹಚ್ಚಿದರು. ನನಗೆ ನಿಂತು ನೋಡುವ ತಾಳ್ಮೆ ಎಲ್ಲಿಯದು, ನಾನೂ ಹಿಡಿದೆ. ಅಂಗೈ ಸಿಪ್ಪೆ ಎದ್ದಿತು. ಬಲೆಯಲ್ಲಿ ಬಂದದ್ದು ಒಂದಿಷ್ಟು ಬೆಳಂಜಿ, ಒಂದಿಷ್ಟು ತಾರ್ಲೆ. ಎಳೆದವರಿಗೆಲ್ಲ ಹಂಚಿದರು. ಮಕ್ಕಳಿಗೂ ಪಾಲು, ಸಣ್ಣದು, ಆದರೆ ಪಾಲು. ನಾನು ಬೇಡ ಎಂದು ಹಿಂದೆ ಸರಿದೆ. ಹಂಚುತ್ತಿದ್ದ ಅಜ್ಜಿಗೆ ಸಿಟ್ಟು ಬಂತು.

"ಹಗ್ಗಕ್ಕೆ ಕೈ ಹಚ್ಚಿರಿ ಅಲ್ದ್ರಾ? ಮತ್ತೆ ಪಾಲ್ ಬಿಟ್ ಹೋಗೂದ್ ಎಂತಕ್ಕೆ? ಹಿಡೀರಿ," ಎಂದು ಬಾದಾಮಿ ಎಲೆಯಲ್ಲಿ ಮೀನು ಸುತ್ತಿ ಕೈಗೆ ಇಟ್ಟಳು. ಆ ದಿನ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಅಮ್ಮ ಮಾತ್ರ ಖುಷಿಪಟ್ಟಳು.

ಆ ಅಜ್ಜಿಯ ಮೊಮ್ಮಗಳು ತನುಜಾ. ಆರನೇ ತರಗತಿ. ಬಿಗಿಯಾಗಿ ಕಟ್ಟಿದ ಎರಡು ಜಡೆ, ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡದೆ ಒಂದು ಕ್ಷಣ ನಿಮ್ಮನ್ನೇ ಅಳೆಯುವ ಕಣ್ಣು. ಜುಲೈ ಕೊನೆಯ ಹೊತ್ತಿಗೆ ಮೇಡಂ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಮನೆ, ಶಾಲೆ ಬಿಟ್ಟು ನಿಮಗೆ ಸಮಾಧಾನ ಅನ್ನಿಸುವ ಜಾಗ ಯಾವುದು, ಅದನ್ನು ಕೈಗೆ ಸಿಕ್ಕ ಸಾಮಾನಿನಿಂದ ಮಾಡಿ ತನ್ನಿ. ತನುಜಾ ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆಯ ಒಡೆದ ತುಂಡಿನಿಂದ ಒಂದು ದೋಣಿ ಕೆತ್ತಿ ತಂದಳು. ಮೊಳದುದ್ದದ ದೋಣಿ. ನೀಲಿ ಮೈ, ಅಂಚಿಗೆ ಹಳದಿ ಪಟ್ಟಿ, ಮೂತಿಯ ಹತ್ತಿರ ರಿಪೇರಿಗೆ ಹಾಕಿದ ಒಂದು ಕೆಂಪು ಹಲಗೆ. ಒಳಗೆ ಅಡ್ಡಹಲಗೆಗಳನ್ನೂ ಬಿಟ್ಟಿರಲಿಲ್ಲ. ಮೇಲೆ ತೆಂಗಿನ ಗರಿಯ ಚಿಕ್ಕ ಚಪ್ಪರ. ಅವರ ಮನೆಯ ದೋಣಿ ಮಳೆಗಾಲದಲ್ಲಿ ಹಾಗೆಯೇ ಚಪ್ಪರದಡಿ ಇರುತ್ತಿತ್ತು.

ಆ ದೋಣಿಯೊಳಗೆ ತಾನು ಯಾವಾಗ ಹೋಗಿ ಕೂರುತ್ತೇನೆ, ಯಾಕೆ ಹೋಗುತ್ತೇನೆ ಎಂಬುದನ್ನು ಅವಳು ನನಗೆ ಹೇಳಿದಳು. ಶಾಲೆಯ ಜಗಲಿಯಲ್ಲಿ, ರೆಕಾರ್ಡರ್ ನಮ್ಮಿಬ್ಬರ ನಡುವೆ. ಅದು ಅವಳ ಮನೆಯ ಮಾತು, ಮಳೆಗಾಲದ ಮನೆಯ ಮಾತು. ಏನು ಹೇಳಿದಳು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೇಳಿ ಮುಗಿಸಿ, "ಅಕ್ಕೋರೆ, ಇದ್ ಊರಲ್ಲಿ ಯಾರಿಗೂ ಗೊತ್ತಾಗೂಕಿಲ್ಲ, ಅಲ್ದಾ?" ಎಂದು ಕೇಳಿದಳು. ಗೊತ್ತಾಗೂದಿಲ್ಲ ಎಂದೆ. ನಿನ್ನ ಹೆಸರೇ ಇರುವುದಿಲ್ಲ, ಬೇರೆ ಹೆಸರು ಹಾಕುತ್ತೇವೆ ಎಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನು ಅಳೆದು, ಚೀಲ ಬೆನ್ನಿಗೆ ಹಾಕಿ ಹೋದಳು.

ಮೇಡಂ ಆ ಧ್ವನಿಮುದ್ರಣವನ್ನು ಎರಡು ಸಲ ಕೇಳಿದರು. ಕಣ್ಣೊರೆಸಿಕೊಂಡರು, ನಾಟಕಕ್ಕಲ್ಲ, ನಿಜವಾಗಿ. "ಇದು ನಮ್ಮ ಅಧ್ಯಯನದ ಜೀವ ಅದ," ಎಂದರು.

ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಮತ್ತೆ ದೋಣಿ ಇಳಿಸುವ ಪದ್ಧತಿ. ಅದರ ಹಿಂದಿನ ವಾರ ಊರ ಸಭಾಭವನದಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡೆವು. ಮಕ್ಕಳು ಮಾಡಿದ ವಸ್ತುಗಳ ಪ್ರದರ್ಶನ, ಪಕ್ಕದಲ್ಲಿ ಅವರ ಮಾತು, ತಾಲೂಕಿನಿಂದ ಅಧಿಕಾರಿಗಳು, ಊರವರು, ತಂದೆತಾಯಿಯರು. ದಡದಲ್ಲಿ ಎಲ್ಲ ಕಡೆ ಎಣ್ಣೆ, ಬಣ್ಣ. ಒಳಮೈಗೆ ಗೇರೆಣ್ಣೆ, ಹೊರಮೈಗೆ ಬಣ್ಣ ಬಳಿದು ಗಂಡಸರು ದೋಣಿ ಸಿಂಗರಿಸುತ್ತಿದ್ದರು. ಮಳೆ ನಿಂತು ನಿಂತು ಬರುತ್ತಿತ್ತು. ನಾನು ಬೆಳಿಗ್ಗೆಯಿಂದ ಕುರ್ಚಿ, ಮೈಕು, ಚಹಾದ ಪಾತ್ರೆ ಎಂದು ಓಡಾಡಿ, ಉದ್ದನೆಯ ಮೇಜಿನ ಮೇಲೆ ಎಲ್ಲ ಜೋಡಿಸಿದೆ. ನೀಲಿ ದೋಣಿಯನ್ನು ಮೇಡಂ ತಾವೇ ನಡುವೆ ಇಟ್ಟರು. ಅದರ ಮುಂದೆ ದಪ್ಪ ಅಕ್ಷರದ ಫಲಕ, ತನುಜಾಳ ಮಾತು, ಕೆಳಗೆ ರಾಧಾ ಎಂಬ ಹೆಸರು.

ಮಕ್ಕಳು ಬೇಗನೆ ಬಂದುಬಿಟ್ಟರು, ತಂತಮ್ಮದನ್ನು ನೋಡಲಿಕ್ಕೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ತನುಜಾ ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಅಲುಗಾಡುತ್ತಿಲ್ಲ. ನಾಚಿಕೆ ಇರಬೇಕು ಎಂದುಕೊಂಡು, "ಆಚೆ ಬಾ, ಚಾ ಕುಡಿ," ಎಂದೆ. ಬರಲಿಲ್ಲ. ಹತ್ತಿರ ಹೋದಾಗ ಕಂಡಿತು, ಅವಳು ಎರಡೂ ಕೈ ಹಿಂದೆ ಚಾಚಿ ತನ್ನ ಲಂಗದ ನೆರಿಗೆಯಿಂದ ಆ ದೋಣಿಯನ್ನು ಮುಚ್ಚಿ ನಿಂತಿದ್ದಳು.

"ಹೆಸ್ರ್ ಏನೋ ಬದ್ಲ್ ಮಾಡಿರಿ. ದೋಣಿ ಹಂಗೇ ಇಟ್ಟಿರಿ," ಎಂದಳು. ದನಿ ಬಹಳ ಸಣ್ಣಗಿತ್ತು.

"ಅಂದ್ರೆ?"

"ದೋಣಿ ಕಂಡ್ರೆ ಮನೆ ಕಂಡಂಗೇಯ. ನೀಲಿ, ಹಳ್ದಿ, ಕೆಂಪ್ ಹಲ್ಗೆ. ಇಲ್ಲಿ ಯಾರಿಗ್ ಗೊತ್ತಿಲ್ಲ ಹೇಳಿ? ಅಪ್ಪ ಈಗ ಅದ್ಕೇ ಬಣ್ಣ ಬಳೀತಾ ಅದಾನೆ."

ನಾನು ಕಿಟಕಿಯಿಂದ ಹೊರಗೆ ನೋಡಿದೆ. ದಡದಲ್ಲಿ ದೋಣಿಗಳ ಸಾಲು, ಒಂದೊಂದು ಮನೆಗೆ ಒಂದೊಂದು ಬಣ್ಣ. ಆ ಊರಲ್ಲಿ ಮೂರು ವರ್ಷದ ಮಗುವೂ ದೂರದ ನೀರಿನಲ್ಲಿ ಬಣ್ಣ ಕಂಡು ಯಾರ ದೋಣಿ ಬಂತೆಂದು ಹೇಳುತ್ತದೆ. ಪೇಟೆಯವಳಾದ ನನಗೆ, ಬಯಲುನಾಡಿನ ಮೇಡಂಗೆ, ಅದು ಬರೀ ಚೆಂದದ ದೋಣಿ. ಹೆಸರು ಕೆರೆದು ಹಾಕಿ ಗುಟ್ಟು ಉಳಿಸಿದೆವು ಎಂದು ನೆಮ್ಮದಿಯಾಗಿದ್ದೆವು, ಆದರೆ ಇಡೀ ದಡಕ್ಕೆ ಓದಲು ಬರುವ ಹೆಸರನ್ನು ಮೇಜಿನ ನಡುವೆ ಇಟ್ಟಿದ್ದೆವು.

"ಯಾವಾಗ್ ಬೇಕಾರೂ ಬ್ಯಾಡ ಅನ್ನೂಕ್ ಅಡ್ಡಿಲ್ಲ ಅಂದಿದ್ರಿ," ಎಂದಳು ತನುಜಾ. "ಈಗ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಗಣಪತಿ ನಮ್ಮನ್ನೇ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿದಂತಾಯಿತು. ನೇರ ಮೇಡಂ ಬಳಿ ಹೋಗಿ, ಆ ದೋಣಿ ತೆಗೆಯಬೇಕು, ಫಲಕವನ್ನೂ ತೆಗೆಯಬೇಕು ಎಂದೆ. ನನ್ನ ದನಿ ಏರಿದ್ದು ನನಗೆ ತಿಳಿಯಲಿಲ್ಲ. ಚಹಾ ಸೋಸುತ್ತಿದ್ದವರೂ ತಿರುಗಿ ನೋಡಿದರು.

"ಯಾಕವಾ, ಇಷ್ಟ್ಯಾಕ ಸಿಟ್ಟು?" ಎಂದರು ಮೇಡಂ. "ಆಕಿ ತಾಯಿ ಒಪ್ಪಿಗೆ ಪತ್ರಕ್ಕ ಸಹಿ ಮಾಡ್ಯಾಳ. ಹೆಸರು ಬದಲಿ ಮಾಡೇವಿ. ಇನ್ನೇನು ಉಳೀತು?"

"ದೋಣಿ ಉಳೀತು ಮೇಡಂ."

ವಿಷಯ ಹೇಳಿದೆ. ಅವರ ಮುಖ ಗಂಭೀರವಾಯಿತು. ಆದರೂ ಕೈ ಬಿಡಲು ಮನಸ್ಸಿಲ್ಲ. ಅಧಿಕಾರಿಗಳಿಗೆ ತೋರಿಸಬೇಕಾದದ್ದೇ ಇದು, ಇದು ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಗೊಂಬೆ ಆಟ ಎಂದರು. ನನಗೆ ಅಜ್ಜಿ ನೆನಪಾದಳು. "ಇಲ್ಲಿ ಹಗ್ಗ ಎಳೆದ ಮಕ್ಕಳಿಗೆ ಪಾಲು ಕೊಡದೆ ಯಾರೂ ಬುಟ್ಟಿ ಎತ್ತೋದಿಲ್ಲ ಮೇಡಂ. ನಾವು ಮಕ್ಕಳ ಕೈಲಿ ಎಳೆಸಿ, ಇಡೀ ಬುಟ್ಟಿ ನಾವೇ ಹೊತ್ತುಕೊಂಡು ಹೊರಟಿದ್ದೀವಿ," ಎಂದುಬಿಟ್ಟೆ. ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು. ಹೊರಗೆ ಅಧಿಕಾರಿಗಳ ಜೀಪಿನ ಸದ್ದು ಕೇಳಿದಂತಾಗಿ ಕಿಟಕಿಗೆ ಓಡಿದೆ. ಅದು ಮಂಜುಗಡ್ಡೆಯ ಗಾಡಿ.

ಮೇಡಂ ನೇರ ತನುಜಾಳ ಬಳಿ ಹೋಗಿ ಮೊಣಕಾಲೂರಿ ಕೂತರು. "ಏನವಾ, ಬ್ಯಾಡೇನು?"

"ಬ್ಯಾಡ."

"ಬಣ್ಣ ಬದಲಿ ಮಾಡೋಣು? ಹಸಿರು ಬಳಿಯೋಣು. ಆಗ ಯಾರಿಗೂ ತಿಳಿಯೂದಿಲ್ಲ."

ನನಗೂ ಅದು ಸರಿ ಅನ್ನಿಸಿತು. ಬಣ್ಣದ ಡಬ್ಬಿ ದಡದಲ್ಲಿ ಬೇಕಾದಷ್ಟಿದ್ದವು, ಓಡಿ ತಂದುಬಿಡುತ್ತಿದ್ದೆ. ಒಂದು ಕಾಲು ಹೊರಗೆ ಇಟ್ಟೂ ಆಗಿತ್ತು.

ತನುಜಾ ಎಂದಿನಂತೆ ಒಂದು ಕ್ಷಣ ಅವರನ್ನು ಅಳೆದಳು. "ಬ್ಯಾರೆ ಬಣ್ಣ ಬಳದ್ರೆ ಅದ್ ನಂದಲ್ಲ ಆಗ್ತದೆ," ಎಂದಳು. "ನಂದ್ ನಂಗೆ ಕೊಡಿ."

ಮೇಡಂ ಯಾಕೆ ಎಂದು ಕೇಳಬಹುದಿತ್ತು, ಬಾಯಿ ತೆರೆದಿದ್ದರು ಕೂಡ. ಕೇಳಲಿಲ್ಲ. ಅದಕ್ಕಾಗಿ ಅವರ ಮೇಲಿನ ನನ್ನ ಸಿಟ್ಟಿನ ಅರ್ಧ ಅಲ್ಲೇ ಇಳಿಯಿತು. ಅವರು ಎದ್ದು, ಫಲಕ ತೆಗೆದು ಮಡಚಿ ತಮ್ಮ ಚೀಲಕ್ಕೆ ಹಾಕಿದರು. ದೋಣಿಯನ್ನು ಎರಡೂ ಕೈಯಿಂದ ಎತ್ತಿ ತನುಜಾಳಿಗೆ ಕೊಟ್ಟರು. ನಾನು ನನ್ನ ರೇನ್‌ಕೋಟು ಬಿಚ್ಚಿ ಅದಕ್ಕೆ ಸುತ್ತಿದೆ. ಆಮೇಲೆ ಮೇಡಂ ಉಳಿದ ಮಕ್ಕಳ ಕಡೆ ತಿರುಗಿ, ಯಾರ್ಯಾರದು ಇಡೋಣ, ಯಾರ್ಯಾರದು ಬ್ಯಾಡ, ನೀವೇ ಹೇಳ್ರಿ ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಮೊದಲು ಮುಂದೆ ಬಂದವನು ಗಣಪತಿ. ತನ್ನ ಮರಳಿನ ಗುಡ್ಡವನ್ನು ಹಲಗೆ ಸಮೇತ ಎತ್ತಿಕೊಂಡು ಹೋದ. ಬೇಜಾರೇನೂ ಇರಲಿಲ್ಲ ಅವನಿಗೆ, ತೆಗೆಯಬಹುದೋ ಇಲ್ಲವೋ ನೋಡಬೇಕಿತ್ತು ಅಷ್ಟೇ. ಆಚೆ ಒಂದು ಸುತ್ತು ಹಾಕಿ ಬಂದು, ಯಾರೂ ಕಿವಿ ಹಿಡಿಯಲಿಲ್ಲ ಎಂದು ಖಾತ್ರಿಯಾದ ಮೇಲೆ, ವಾಪಸು ಇಟ್ಟ. ಬೇರೆ ಕೆಲವರು ತೆಗೆದುಕೊಂಡರು, ಇಡಲಿಲ್ಲ. ಏಳನೇ ತರಗತಿಯ ಹುಡುಗಿಯರು ಗುಸುಗುಸು ಮಾಡಿ, ನಾವು ಬೇರೆ ಒಂದು ಇಡುತ್ತೇವೆ ಎಂದು ಹೋಗಿ, ರಟ್ಟಿನ ಡಬ್ಬಿಯಲ್ಲಿ ಶಾಲೆಯ ಪಾಯಖಾನೆ ಮಾಡಿ ತಂದರು. ಅದಕ್ಕೆ ಬಾಗಿಲು ಇರಲಿಲ್ಲ. ಯಾಕೆಂದರೆ ಶಾಲೆಯದಕ್ಕೂ ಇರಲಿಲ್ಲ. ನಾವು ಕೇಳದ ಪ್ರಶ್ನೆ ಅದು. ಖಾಲಿಯಾದ ನಡುವಿನ ಜಾಗದಲ್ಲಿ ಅದನ್ನು ಇಟ್ಟರು. ಹೆಡ್ ಮಾಸ್ತರು ಬಂದು ನೋಡಿ ಒಮ್ಮೆ ಕೆಮ್ಮಿ ಹೊರಗೆ ಹೋದರು.

ಜೀಪು ಬಂತು, ಭಾಷಣ ಆಯಿತು. ಊರವರು ಮೇಜಿನ ಸುತ್ತ ನೆರೆದರು. ತನುಜಾಳ ತಂದೆಯೂ ಬಂದ. ಮೊಣಕೈವರೆಗೆ ನೀಲಿ ಬಣ್ಣ, ಮೈಯಿಂದ ಗೇರೆಣ್ಣೆಯ ಘಾಟು. ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡುತ್ತ ಬಂದ. ತುದಿ ಮುಟ್ಟಿದವನು ಮತ್ತೆ ಮೊದಲಿನಿಂದ ನೋಡಿದ. ಅವನಿಗೆ ಮಗಳದ್ದು ಬೇಕಿತ್ತು.

"ನಿಂದ್ ಎಲ್ಲದೆ?"

"ನಂದಿಲ್ಲ," ಎಂದಳು ತನುಜಾ.

"ಎಲ್ರೂ ಎಂತೆಂತಾ ಮಾಡಿರು ನೋಡು. ಇದ್ಕೆ ಎಂತದೂ ಮಾಡೂಕ್ ಬರೂದಿಲ್ಲ," ಎಂದು ಅವನು ಪಕ್ಕದವರಿಗೆ ಹೇಳಿ ನಕ್ಕ. ಪಕ್ಕದವರೂ ನಕ್ಕರು. ತನುಜಾ ಕೂಡ ಸ್ವಲ್ಪ ನಕ್ಕಳು.

ಅಲ್ಲ, ಎಲ್ಲರಿಗಿಂತ ಚೆಂದ ಮಾಡಿದವಳು ನಿನ್ನ ಮಗಳೇ, ನಿನ್ನ ದೋಣಿಯ ಒಂದು ಹಲಗೆಯನ್ನೂ ಬಿಡದೆ ಮಾಡಿದ್ದಾಳೆ ಎಂದು ಕೂಗಿ ಹೇಳಬೇಕು ಅನ್ನಿಸಿತು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ತನುಜಾ ನನ್ನ ಕಡೆ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ಇನ್ನೊಮ್ಮೆ ಇಲ್ಲ.

ಎಲ್ಲ ಹೋದ ಮೇಲೆ ಮೇಡಂ ಅವಳನ್ನು ಕರೆದು ರೆಕಾರ್ಡರ್ ಕೈಗೆ ಕೊಟ್ಟರು. ಅಳಿಸುವ ಗುಂಡಿ ಯಾವುದೆಂದು ತೋರಿಸಿದರು. ತನುಜಾ ಮೊದಲು ಒಮ್ಮೆ ಕೇಳಬೇಕು ಎಂದಳು. ತನ್ನ ದನಿ ಕೇಳಿ, "ಇದ್ ನಾನಾ?" ಎಂದು ಮುಖ ಹುಳ್ಳಗೆ ಮಾಡಿದಳು. ಪೂರ್ತಿ ಕೇಳಿದಳು. ಆಮೇಲೆ ಗುಂಡಿ ಒತ್ತಿದಳು. ಮಳೆ ಹನಿಯಲು ಶುರುವಾಗಿತ್ತು. ರೇನ್‌ಕೋಟಿನಲ್ಲಿ ಸುತ್ತಿದ ದೋಣಿಯನ್ನು ಎದೆಗೆ ಅವಚಿಕೊಂಡು ಓಡಿದಳು. ರೇನ್‌ಕೋಟು ನನಗೆ ವಾಪಸು ಬರಲಿಲ್ಲ. ನಾನು ನೆನೆದುಕೊಂಡೇ ಬಸ್ಸು ಹತ್ತಿದೆ.

ನೂಲ ಹುಣ್ಣಿಮೆ ಆಯಿತು, ದೋಣಿಗಳು ಇಳಿದವು, ನಮ್ಮ ಕೆಲಸವೂ ಮುಗಿಯಿತು. ಅಂಥ ಎಷ್ಟೋ ಅಧ್ಯಯನಗಳಿಗೆ ನಾನು ಆಮೇಲೆ ದುಡಿದೆ. ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮಕ್ಕಳನ್ನು ಮಾತಾಡಿಸುವುದು ಹೇಗೆಂದು ಹೇಳಿಕೊಡುವುದೇ ನನ್ನ ಕೆಲಸ. ಹೇಳಿಕೊಡುವಾಗಲೂ ಒಂದೆಡೆ ನಿಲ್ಲುವುದಿಲ್ಲ, ಕೋಣೆ ತುಂಬ ಅಡ್ಡಾಡುತ್ತೇನೆ. ಪ್ರತಿ ಸಲವೂ ಈ ಕಥೆ ಬಾಯಿಗೆ ಬರುತ್ತಿತ್ತು, ಪ್ರತಿ ಸಲವೂ ನುಂಗಿಕೊಳ್ಳುತ್ತಿದ್ದೆ. ಅದು ನನ್ನದು ಹೌದೋ ಅಲ್ಲವೋ ಗೊತ್ತಿರಲಿಲ್ಲ. ಕೊನೆಗೆ ಕಳೆದ ತಿಂಗಳು ಬಸ್ಸು ಹತ್ತಿ ಕೇಳಲಿಕ್ಕೆ ಹೋದೆ.

ತನುಜಾ ಈಗ ಅಂಕೋಲೆಯಲ್ಲಿ ಕಾಲೇಜು ಓದುತ್ತಾಳೆ. ಜಡೆ ಹೋಗಿ ಕೂದಲು ಭುಜದವರೆಗೆ ಬಂದಿದೆ, ಅಳೆಯುವ ಕಣ್ಣು ಹಾಗೇ ಇದೆ. ದಡದಲ್ಲಿ ಬೋರಲು ಹಾಕಿದ ದೋಣಿಯೊಂದರ ಮೇಲೆ ಇಬ್ಬರೂ ಕೂತೆವು. ನಾನು ಬರೆದುಕೊಂಡು ಹೋದದ್ದನ್ನು ಓದಿ ಹೇಳಿದೆ. ಮಧ್ಯೆ ಎರಡು ಸಲ ಎದ್ದು ನಿಂತೆ, ಅವಳು ಎರಡು ಸಲವೂ ಕೈ ಹಿಡಿದು ಕೂರಿಸಿದಳು. ಓದಿ ಮುಗಿದ ಮೇಲೆ ತನ್ನ ಲೆಕ್ಕ ಹೇಳಿದಳು. ತಾನು ಆಗ ಏನು ಹೇಳಿದ್ದೆ ಅನ್ನೂದ್ ಬ್ಯಾಡ. ಅಪ್ಪ ಅಂದ ಮಾತು ಇರಲಿ, ಅದು ತನಗೂ ನೆನಪಿದೆ. ತನ್ನ ಹೆಸರಿನ ಬದಲು ತನುಜಾ ಎಂದು ಇಡಿ, ಆ ಹೆಸರು ತನಗೆ ಮೊದಲಿನಿಂದ ಇಷ್ಟ. ಗಣಪತಿಯನ್ನು ಅವಳೇ ಫೋನ್ ಮಾಡಿ ಕೇಳಿದಳು. ಅವನು ಮೊದಲು ಬ್ಯಾಡ ಎಂದು, ಒಂದು ಕ್ಷಣ ಬಿಟ್ಟು ನಕ್ಕು, ಅಡ್ಡಿಲ್ಲ ಎಂದ.

ಇನ್ನು ದೋಣಿ. ನನ್ನ ಬರಹದಲ್ಲಿ ಇದ್ದ ನಿಜವಾದ ಬಣ್ಣಗಳನ್ನು ತೆಗೆಸಿ, ನೀಲಿ ಮೈ, ಹಳದಿ ಪಟ್ಟಿ, ಕೆಂಪು ಹಲಗೆ ಎಂದು ಅವಳೇ ಹೇಳಿ ಬರೆಸಿದಳು. ನೀವು ಇಷ್ಟು ಹೊತ್ತು ಓದಿದ್ದು ಆ ಬಣ್ಣಗಳನ್ನೇ. ಅಂಥ ದೋಣಿ ಆ ದಡದಲ್ಲಿ ಯಾರ ಮನೆಗೂ ಇಲ್ಲ.

"ಬ್ಯಾರೆ ಬಣ್ಣ ಬಳದ್ರೆ ಅದ್ ನಂದಲ್ಲ ಅಂದಿದ್ದೆ ಅಲ್ದಾ ಆವಾಗ?" ಎಂದು ಕೇಳಿದೆ.

"ಹೌದು. ಅದ್ಕೇಯ," ಎಂದಳು ತನುಜಾ. "ಇದ್ ನಿಮ್ದು ಅಕ್ಕೋರೆ, ಬರ್ಕಣಿ. ನಂದ್ ನನ್ ಕೂಡೆ ಅದೆ."